ಒಂದು ದಿನದ ವಿಮಾನ ನಿಲ್ದಾಣ

ಊರೂರು ಸುತ್ತಿ ವಿಮಾನ ಹಾರಿಸಿ ತೋರಿಸುತ್ತಿದ್ದ ಹಳೆಯ ಕಾಲದ ಪೈಲಟ್‌ಗಳ ಬಗ್ಗೆ ನಮಗಿರುವ ಚಿತ್ರ ಬಹುಮಟ್ಟಿಗೆ ಸಿನಿಮಾದಿಂದ ಬಂದದ್ದು. ಚರ್ಮದ ಟೋಪಿ, ಕೊರಳಿಗೆ ಸುತ್ತಿದ ರೇಷ್ಮೆ ವಸ್ತ್ರ, ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ನಿಂತು ಕೈಬೀಸುವ ಮನುಷ್ಯ, ಕೆಳಗೆ ಬಾಯಿಬಿಟ್ಟು ನೋಡುವ ಹಳ್ಳಿಗರು. ಈ ಚಿತ್ರ ಸುಳ್ಳಲ್ಲ. 1920ರ ದಶಕದ ಅಮೆರಿಕದಲ್ಲಿ ಇದೆಲ್ಲ ನಡೆದೇ ನಡೆದಿತ್ತು. ಆದರೆ ಈ ಚಿತ್ರ ನೋಡಿ ನಾವು ಕಟ್ಟಿಕೊಂಡ ತೀರ್ಮಾನಗಳು ಬೇರೆಯೇ ಮಾತು. ಆ ಪೈಲಟ್‌ಗಳು ಹುಂಬರು, ಅವರು ಇಳಿಯುತ್ತಿದ್ದ ಹೊಲಗಳು ಸರಿಯಾದ ನಿಲ್ದಾಣ ಇಲ್ಲದ್ದಕ್ಕೆ ಕಂಡುಕೊಂಡ ದಾರಿ, ನೋಡಬಂದವರು ಮುಗ್ಧರು, ಕಾನೂನು ಬಂದು ಆ ಆಟ ನಿಂತಿತು, ನಿಜವಾದ ವಿಮಾನಯಾನವನ್ನು ಕಟ್ಟಿದ್ದು ಆಮೇಲೆ ಬಂದ ಸರ್ಕಾರ ಮತ್ತು ಬಂಡವಾಳ. ಓದಿದವರೂ ಒಪ್ಪಿಕೊಂಡಿರುವ ಮಾತುಗಳಿವು. ಇವುಗಳಲ್ಲಿ ಯಾವುದನ್ನೂ ಪೂರ್ತಿಯಾಗಿ ಒಪ್ಪಲು ನನ್ನಿಂದ ಆಗಿಲ್ಲ.

ಹುಂಬತನದಿಂದ ಶುರುಮಾಡೋಣ. ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಬಳಿ ತರಬೇತಿಗೆಂದು ಮಾಡಿಸಿದ್ದ ಕರ್ಟಿಸ್ ಜೆಎನ್-4 ವಿಮಾನಗಳು ರಾಶಿಗಟ್ಟಲೆ ಉಳಿದಿದ್ದವು. ಜನರ ಬಾಯಲ್ಲಿ ಅದರ ಹೆಸರು ‘ಜೆನ್ನಿ’. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆ, 90 ಅಶ್ವಶಕ್ತಿಯ ಓಎಕ್ಸ್-5 ಎಂಜಿನ್, ಗಂಟೆಗೆ ಹೆಚ್ಚೆಂದರೆ 75 ಮೈಲಿ ವೇಗ. ಸರ್ಕಾರ ಸಾವಿರಾರು ಡಾಲರ್ ಸುರಿದು ಮಾಡಿಸಿದ್ದ ಈ ಯಂತ್ರಗಳು ಕೆಲವು ನೂರು ಡಾಲರಿಗೆ ಮಾರಾಟವಾದವು. ಮುಂದೆ ಅಟ್ಲಾಂಟಿಕ್ ದಾಟಿ ಜಗತ್ಪ್ರಸಿದ್ಧನಾದ ಚಾರ್ಲ್ಸ್ ಲಿಂಡ್‌ಬರ್ಗ್ 1923ರಲ್ಲಿ ಜಾರ್ಜಿಯಾದ ಸೌದರ್ ಫೀಲ್ಡ್‌ನಲ್ಲಿ ಒಂದು ಜೆನ್ನಿಯನ್ನು 500 ಡಾಲರಿಗೆ ಕೊಂಡ. ಅಲ್ಲಿಯವರೆಗೆ ಆತ ಒಬ್ಬನೇ ವಿಮಾನ ಹಾರಿಸಿದವನೇ ಅಲ್ಲ. ಲೈಸೆನ್ಸ್ ಎಲ್ಲಿ ಎಂದು ಕೇಳುವ ಕಾನೂನು ಆ ದೇಶದಲ್ಲಿ ಆಗ ಇರಲಿಲ್ಲ.

ಇದು ಹುಂಬತನವಲ್ಲವೇ ಎಂದು ನೀವು ಕೇಳಬಹುದು. ಕೊಂಡ ದಿನದ ಮಟ್ಟಿಗೆ ಹೌದು ಎನ್ನೋಣ. ಆದರೆ ಕೊಂಡ ಮೇಲೆ ಹೊಟ್ಟೆಪಾಡು ಹೇಗೆ? ಒಬ್ಬರನ್ನು ಕೂರಿಸಿಕೊಂಡು ಊರ ಮೇಲೆ ಒಂದು ಸುತ್ತು ಹಾಕಿಸಿದರೆ 5 ಡಾಲರ್. ಜೆನ್ನಿಯ ಬೆಲೆ ಮರಳಿ ಬರಬೇಕಾದರೆ ನೂರು ಸುತ್ತು. ಪೆಟ್ರೋಲು, ಊಟ, ರಿಪೇರಿ ಎಂದರೆ ಅದಕ್ಕೂ ಮೇಲೆ. ಅಂದರೆ ಅವರ ನಿತ್ಯದ ಕಸುಬು ಸಾಹಸವಲ್ಲ. ಬೆಳಗಿನಿಂದ ಸಂಜೆಯವರೆಗೆ ಅದೇ ಹೊಲದಿಂದ ಏರಿ, ಅದೇ ಗಿರಕಿ ಹೊಡೆದು, ಅದೇ ಹೊಲಕ್ಕೆ ಇಳಿಯುವ ಬೇಸರದ ದುಡಿಮೆ. ರೆಕ್ಕೆಯ ಮೇಲಿನ ನಡಿಗೆ, ಪ್ಯಾರಾಚೂಟ್ ಜಿಗಿತ ಇವೆಲ್ಲ ಜನ ಸೇರಿಸುವ ತಮಟೆ. ತಮಟೆಯ ಸದ್ದು ಜಾಸ್ತಿಯಾಗಿ ಜನ ಹೆದರಿದರೆ ವಿಮಾನ ಹತ್ತುವವರೇ ಇರುವುದಿಲ್ಲ. ಹಿಂದಿನ ಗಿರಾಕಿ ನಗುತ್ತಾ ಇಳಿಯದಿದ್ದರೆ ಮುಂದಿನವನು ಜೇಬಿಗೆ ಕೈ ಹಾಕುತ್ತಾನೆಯೇ? ಆದ್ದರಿಂದ ಈ ಪೈಲಟ್‌ಗೆ ಬೇಕಿದ್ದದ್ದು ಮೆತ್ತಗೆ ಇಳಿಸುವ ಕೈ, ಎದೆಗಾರಿಕೆ ಎರಡನೆಯದು ಎಂಬುದು ನನ್ನ ಅಂದಾಜು.

ಆದರೂ ಸತ್ತವರಿದ್ದಾರಲ್ಲ ಎಂಬ ಆಕ್ಷೇಪ ಉಳಿಯುತ್ತದೆ. ನಿಜ. ಆದರೆ ಹೆಸರಾಂತ ಸಾವುಗಳು ಎಲ್ಲಿ ಸಂಭವಿಸಿದವು ನೋಡಿ. ರೈಟ್ ಸೋದರರ ಪ್ರದರ್ಶನ ತಂಡದ ರಾಲ್ಫ್ ಜಾನ್‌ಸ್ಟನ್ 1910ರಲ್ಲಿ ಡೆನ್ವರ್‌ನಲ್ಲಿ, ಅದೇ ತಂಡದ ಆರ್ಚ್ ಹಾಕ್ಸಿ ಅದೇ ವರ್ಷದ ಕಡೆಯ ದಿನ ಲಾಸ್ ಏಂಜಲೀಸ್‌ನಲ್ಲಿ, ಲಿಂಕನ್ ಬೀಚಿ 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮಹಾ ವಸ್ತುಪ್ರದರ್ಶನದಲ್ಲಿ. ರೆಕ್ಕೆ ನಡಿಗೆಯನ್ನು ಜನಪ್ರಿಯಗೊಳಿಸಿದ ಆರ್ಮರ್ ಲಾಕ್‌ಲಿಯರ್ 1920ರಲ್ಲಿ ತೀರಿಕೊಂಡದ್ದು ಸಿನಿಮಾ ಚಿತ್ರೀಕರಣದ ವೇಳೆ. ದೊಡ್ಡ ನಗರ, ದೊಡ್ಡ ಜನಸಂದಣಿ, ದೊಡ್ಡ ಸಂಭಾವನೆ ಇದ್ದಲ್ಲಿ ಅಪಾಯಕ್ಕೆ ಬೆಲೆ ಸಿಗುತ್ತಿತ್ತು. ಹಳ್ಳಿಯ ಹೊಲದಲ್ಲಿ ಸಿಗುತ್ತಿದ್ದದ್ದು ಸುರಕ್ಷಿತ ಸವಾರಿಗೆ. ಈ ವಾದಕ್ಕೂ ಒಂದು ಮಿತಿಯಿದೆ. ಹಳ್ಳಿಯಲ್ಲಿ ಸತ್ತವರು ಹೆಸರಾಂತರಲ್ಲವಾದ್ದರಿಂದಲೇ ಅವರ ಸಾವು ನಮ್ಮ ಪಟ್ಟಿಗೆ ಬಂದಿರಲಾರದು. ಹಾಗಾಗಿ ಹಳ್ಳಿಯ ಹಾರಾಟ ನಿರಪಾಯವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದರ ಲೆಕ್ಕಾಚಾರ ನಗರದ ಪ್ರದರ್ಶನದ ಲೆಕ್ಕಾಚಾರವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ಹೊಲದ ವಿಷಯ. ‘ಆಗೆಲ್ಲ ಎಲ್ಲಿ ಬೇಕಾದರೂ ಇಳಿಯುತ್ತಿದ್ದರು’ ಎನ್ನುವುದು ವಾಡಿಕೆ. ಇಷ್ಟು ತಪ್ಪಾದ ಮಾತು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಜೆನ್ನಿಗೆ ಬ್ರೇಕ್ ಇರಲಿಲ್ಲ. ಬಾಲದ ಕೆಳಗಿನ ಮರದ ಕೊಕ್ಕೆ ನೆಲವನ್ನು ಕೆರೆದುಕೊಂಡು ಹೋಗಿ ನಿಲ್ಲಬೇಕು, ಅಷ್ಟೇ. ಗಟ್ಟಿ ನೆಲವಾದರೆ ಜಾರಿಕೊಂಡು ಹೋಗಿ ಬೇಲಿಗೆ ಗುದ್ದುತ್ತದೆ; ಮೆತ್ತನೆಯದಾದರೆ ಗಾಲಿ ಹೂತು ಮೂಗು ನೆಲಕ್ಕೆ ಕುಟ್ಟುತ್ತದೆ. ಇಳಿಯಲು ಸ್ವಲ್ಪ ಏರು, ಹಾರಲು ಸ್ವಲ್ಪ ಇಳಿಜಾರು ಇದ್ದರೆ ಒಳ್ಳೆಯದು. ಆದರೆ ಎರಡಕ್ಕೂ ಗಾಳಿ ಎದುರಿನಿಂದಲೇ ಬರಬೇಕು. ಬೇಸಿಗೆಯ ಮಧ್ಯಾಹ್ನ ಬಿಸಿಗಾಳಿ ತೆಳುವಾಗಿರುತ್ತದೆ. ಬೆಳಿಗ್ಗೆ ಸಲೀಸಾಗಿ ಏರಿದ ವಿಮಾನ ಮಧ್ಯಾಹ್ನ ಒಬ್ಬ ದಪ್ಪ ಸಾಹುಕಾರನನ್ನು ಕೂರಿಸಿಕೊಂಡು ಅದೇ ಹೊಲದಿಂದ ಏಳಲಾರದು. ಇಷ್ಟನ್ನೆಲ್ಲ ಪೈಲಟ್ ಮೇಲಿನಿಂದಲೇ, ಒಂದೆರಡು ಸುತ್ತಿನಲ್ಲಿ ನೋಡಿ ತೀರ್ಮಾನಿಸಬೇಕಿತ್ತು.

ಏನನ್ನು ನೋಡಿ? ಒಲೆಯ ಹೊಗೆ ಯಾವ ಕಡೆ ವಾಲಿದೆ, ಒಣಹಾಕಿದ ಬಟ್ಟೆ ಯಾವ ಕಡೆ ಹಾರುತ್ತಿದೆ, ಕೆರೆಯ ಯಾವ ದಂಡೆಯ ನೀರು ಸುಕ್ಕಿಲ್ಲದೆ ನಿಂತಿದೆ. ನೀರು ನಿಶ್ಚಲವಾಗಿರುವ ದಂಡೆ ಗಾಳಿ ಬರುವ ದಿಕ್ಕಿನದು. ತಂತಿ ಮೇಲಿನಿಂದ ಕಾಣುವುದಿಲ್ಲ, ಆದರೆ ಕಂಬ ಕಾಣುತ್ತದೆ. ಆದ್ದರಿಂದ ಒಂಟಿ ಕಂಬ ಕಂಡರೆ ತಂತಿ ಇದೆ ಎಂದೇ ತಿಳಿಯಬೇಕು. ಕೂಳೆ ಬಿಟ್ಟ ಹೊಲವಾದರೆ ನೆಲ ಗಟ್ಟಿಯಿರುತ್ತದೆ, ಸಾಲಿನ ಗುಂಟವೇ ಇಳಿಯಬಹುದು. ಹಸಿರು ಹುಲ್ಲು ನೋಡಲು ಚೆಂದ, ಆದರೆ ಅದರಡಿ ಹಳ್ಳವೋ ಕಾಲುವೆಯೋ ಅಡಗಿರಬಹುದು. ಲಿಂಡ್‌ಬರ್ಗ್‌ನಂಥವನೇ 1923ರಲ್ಲಿ ಮಿಸಿಸಿಪಿಯ ಮೇಬನ್ ಊರಿನ ಬಳಿ ಇಂಥದೇ ಹೊಲಕ್ಕೆ ಇಳಿದು, ಚರಂಡಿಗೆ ಸಿಕ್ಕಿ, ಪ್ರೊಪೆಲ್ಲರ್ ಮುರಿದುಕೊಂಡ. ಹೊಸದು ಬರುವ ತನಕ ಕಾದು, ಆಮೇಲೆ ಅಲ್ಲೇ ಸುತ್ತಮುತ್ತಲಿನವರನ್ನು ಹಾರಿಸಿ ಖರ್ಚು ಹುಟ್ಟಿಸಿಕೊಂಡ.

ಹೊಲ ಊರಿಗೆ ನಡೆದುಬರುವಷ್ಟು ಹತ್ತಿರವಿರಬೇಕು, ಮನೆ ಮರಗಳಿಗೆ ತಾಗದಷ್ಟು ದೂರವಿರಬೇಕು. ಹಣ ವಸೂಲಿಗೆ ಒಂದೇ ದಾರಿಯಿದ್ದರೆ ಅನುಕೂಲ. ಪೆಟ್ರೋಲು ಊರಿನ ಮೋಟಾರು ಅಂಗಡಿಯಿಂದ ಡಬ್ಬದಲ್ಲಿ ಬರುತ್ತಿತ್ತು. ಅದರಲ್ಲಿ ನೀರು, ಕಸ ಇರಬಹುದೆಂದು ತೆಳು ಚರ್ಮದಲ್ಲಿ ಸೋಸಿ ಹಾಕುತ್ತಿದ್ದರು. ಸ್ಟಾರ್ಟರ್ ಇಲ್ಲ, ಪ್ರೊಪೆಲ್ಲರನ್ನು ಕೈಯಲ್ಲೇ ತಿರುವಬೇಕು. ರಾತ್ರಿ ವಿಮಾನವನ್ನು ಗೂಟಕ್ಕೆ ಕಟ್ಟಿ, ಯಾರಾದರೂ ಕಾಯಬೇಕು. ಕಳ್ಳರಿಗಾಗಿ ಅಲ್ಲ, ದನಗಳಿಗಾಗಿ. ರೆಕ್ಕೆಯ ಬಟ್ಟೆ ಬಿಗಿಯಾಗಲೆಂದು ಬಳಿಯುತ್ತಿದ್ದ ‘ಡೋಪ್’ ಎಂಬ ಲೇಪದ ರುಚಿ ದನಗಳಿಗೆ ಹಿಡಿಸುತ್ತಿತ್ತು. ಕಾಯದಿದ್ದರೆ ಬೆಳಗಾಗುವಷ್ಟರಲ್ಲಿ ರೆಕ್ಕೆಯಲ್ಲಿ ತೂತು.

ಇಷ್ಟೆಲ್ಲ ವಿವರ ಹೇಳಿದ್ದಕ್ಕೆ ಕಾರಣವಿದೆ. ರನ್‌ವೇ ಇರುವುದು ಮುಂದುವರಿದ ಸ್ಥಿತಿ, ಬಯಲು ಹಿಂದುಳಿದ ಸ್ಥಿತಿ ಎಂದು ನಾವು ತಿಳಿಯುತ್ತೇವೆ. ಹಗುರ ವಿಮಾನದ ಮಟ್ಟಿಗೆ ಇದು ತಿರುಗುಮುರುಗು. ರನ್‌ವೇ ಎರಡು ದಿಕ್ಕನ್ನಷ್ಟೇ ಕೊಡುತ್ತದೆ. ಗಾಳಿ ಅಡ್ಡ ಬೀಸಿದರೆ ಪೈಲಟ್ ಹೆಣಗಬೇಕು. ನಾಲ್ಕೂ ಕಡೆ ತೆರೆದ ಬಯಲಿನಲ್ಲಿ ಗಾಳಿ ಎತ್ತಲಿಂದ ಬಂದರೂ ಅದಕ್ಕೆ ಎದುರಾಗಿ ಇಳಿಯಬಹುದು. ಮೊದಮೊದಲ ಶಾಶ್ವತ ನಿಲ್ದಾಣಗಳೂ ಉದ್ದನೆಯ ಪಟ್ಟಿಗಳಾಗಿರದೆ ಅಗಲವಾದ ಹುಲ್ಲು ಮೈದಾನಗಳಾಗಿದ್ದದ್ದು ಹಣವಿಲ್ಲದೆ ಮಾತ್ರವಲ್ಲ, ಈ ತಿಳಿವಳಿಕೆಯಿಂದಲೂ ಹೌದು. ಡಾಂಬರು ಮತ್ತು ಕಾಂಕ್ರೀಟಿನ ರನ್‌ವೇ ಮುಖ್ಯವಾಗಿ ವಿಮಾನದ ತೂಕಕ್ಕೆ ಮತ್ತು ಮಳೆಗಾಲಕ್ಕೆ ಕೊಟ್ಟ ಉತ್ತರ. ತೂಕ ಬಾರದ ಕಾಲದಲ್ಲಿ ಆ ಉತ್ತರವಿರಲಿಲ್ಲ ಎಂದು ಮರುಗುವುದರಲ್ಲಿ ಅರ್ಥವಿಲ್ಲ. ಮಳೆಯ ವಿಷಯ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಜನ ಮುಗ್ಧರಾಗಿದ್ದರು ಎಂಬುದು ಮೂರನೆಯ ನಂಬಿಕೆ. ಬಾಯಿಬಿಟ್ಟು ನೋಡಿದರು ಎಂಬ ಕಾರಣಕ್ಕೆ ಅವರನ್ನು ಮುಗ್ಧರೆನ್ನುವುದು ನ್ಯಾಯವಲ್ಲ. ಮೊದಲ ಬಾರಿ ವಿಮಾನ ಕಂಡಾಗ ಪ್ಯಾರಿಸ್ಸಿನವರೂ ಲಂಡನ್ನಿನವರೂ ಹಾಗೆಯೇ ನೋಡಿದರು. ಮುಗ್ಧತೆಯನ್ನು ಅಳೆಯಬೇಕಾದದ್ದು ವ್ಯವಹಾರದಲ್ಲಿ. ಆಕಾಶಕ್ಕೆ ಟೆಂಟು ಹಾಕಲಾಗುವುದಿಲ್ಲ. ಬೇಲಿಯಾಚೆ ನಿಂತರೂ ಪ್ರದರ್ಶನ ಪೂರ್ತಿ ಕಾಣುತ್ತದೆ. ಇದು ಹಳ್ಳಿಗರಿಗೆ ಮೊದಲ ದಿನವೇ ಹೊಳೆಯುವಂಥ ವಿಷಯ. ಪ್ರವೇಶ ಶುಲ್ಕವನ್ನು ನೆಚ್ಚಿಕೊಳ್ಳಲಾಗದೆ ಪೈಲಟ್‌ಗಳು ಸವಾರಿಯ ಹಣದ ಮೇಲೆ ನಿಲ್ಲಬೇಕಾದದ್ದಕ್ಕೆ ಇದೂ ಒಂದು ಕಾರಣ.

1924ರಲ್ಲಿ ಟೆಕ್ಸಾಸ್‌ನ ಕ್ಯಾಂಪ್‌ವುಡ್ ಎಂಬ ಸಣ್ಣ ಊರಿನಲ್ಲಿ ನಡೆದದ್ದನ್ನು ನೋಡಿ. ಲಿಂಡ್‌ಬರ್ಗ್ ಮತ್ತು ಜೊತೆಗಾರ ಊರ ಬೀದಿಯಿಂದಲೇ ಹಾರಲು ಹೊರಟರು. ರೆಕ್ಕೆಯ ತುದಿ ಕಂಬಕ್ಕೆ ತಾಗಿ, ವಿಮಾನ ಗಿರ್ರನೆ ತಿರುಗಿ, ಒಂದು ಹಾರ್ಡ್‌ವೇರ್ ಅಂಗಡಿಯ ಗೋಡೆಗೆ ನುಗ್ಗಿತು. ನಷ್ಟ ಕಟ್ಟಿಕೊಡುತ್ತೇವೆಂದರೆ ಅಂಗಡಿಯವನು ಬೇಡವೆಂದ. ಇದರಿಂದ ತನ್ನ ಅಂಗಡಿಗೆ ಸಿಕ್ಕ ಪ್ರಚಾರವೇ ಆ ನಷ್ಟಕ್ಕಿಂತ ಹೆಚ್ಚು ಎಂಬುದು ಅವನ ಲೆಕ್ಕ. ಈ ಪ್ರಸಂಗವನ್ನು ಲಿಂಡ್‌ಬರ್ಗ್‌ನ ತುಂಟತನದ ಕಥೆಯಾಗಿ ಹೇಳುವುದುಂಟು. ನನಗೆ ಇದರಲ್ಲಿ ಹೆಚ್ಚು ಕುತೂಹಲದ ವ್ಯಕ್ತಿ ಅಂಗಡಿಯವನು. ಗೋಡೆ ಒಡೆದ ಗಳಿಗೆಯಲ್ಲಿಯೇ ಜಾಹೀರಾತಿನ ಬೆಲೆ ಕಟ್ಟಿದ ಮನುಷ್ಯನನ್ನು ಮುಗ್ಧ ಎನ್ನುವುದು ಹೇಗೆ?

ಜನರ ಬಗ್ಗೆ ಇನ್ನೊಂದು ಮಾತು. ತಾತ್ಕಾಲಿಕ ಮೈದಾನ ಎಲ್ಲರಿಗೂ ತೆರೆದ ಜಾಗ, ಅಲ್ಲಿ ಮೇಲುಕೀಳು ಇರಲಿಲ್ಲ ಎಂದು ಕೆಲವರು ಭಾವುಕರಾಗಿ ಬರೆಯುತ್ತಾರೆ. ಇದನ್ನೂ ಎಚ್ಚರದಿಂದ ಒಪ್ಪಬೇಕು. ಕಪ್ಪು ಜನಾಂಗದ ಬೆಸ್ಸಿ ಕೋಲ್‌ಮನ್‌ಗೆ ಅಮೆರಿಕದಲ್ಲಿ ಯಾರೂ ಹಾರಾಟ ಕಲಿಸಲು ಒಪ್ಪಲಿಲ್ಲ. ಆಕೆ ಫ್ರಾನ್ಸಿಗೆ ಹೋಗಿ ಕಲಿತು 1921ರಲ್ಲಿ ಲೈಸೆನ್ಸ್ ಪಡೆದಳು. ತಾನು ಬೆಳೆದ ಟೆಕ್ಸಾಸ್‌ನ ವಾಕ್ಸಹಾಚಿಯಲ್ಲಿ ಪ್ರದರ್ಶನ ಏರ್ಪಾಡಾದಾಗ ಕರಿಯರಿಗೂ ಬಿಳಿಯರಿಗೂ ಒಂದೇ ಗೇಟು ಇದ್ದರೆ ಮಾತ್ರ ಹಾರುವೆನೆಂದು ಹಟ ಹಿಡಿದು ಗೆದ್ದಳು. ಆದರೆ ಗೇಟಿನೊಳಗೆ ಕೂರುವ ಜಾಗ ಬೇರೆ ಬೇರೆಯಾಗಿಯೇ ಉಳಿಯಿತು. ಹೊಲ ತಾನಾಗಿಯೇ ಯಾರನ್ನೂ ಸಮಾನರನ್ನಾಗಿ ಮಾಡಲಿಲ್ಲ. ಒಂದು ಗೇಟಿಗೂ ಒಬ್ಬ ಹೆಣ್ಣುಮಗಳು ಜಗಳವಾಡಬೇಕಾಯಿತು. 1926ರ ಏಪ್ರಿಲ್ 30ರಂದು, ಪ್ರದರ್ಶನದ ಪೂರ್ವಸಿದ್ಧತೆಯ ಹಾರಾಟದಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಆಕೆ ವಿಮಾನದಿಂದ ಎಸೆಯಲ್ಪಟ್ಟು ತೀರಿಕೊಂಡಳು.

ಅದಾದ ಮೂರು ವಾರಗಳೊಳಗೆ, ಮೇ 20ರಂದು, ಅಮೆರಿಕದಲ್ಲಿ ವಾಯು ವಾಣಿಜ್ಯ ಕಾಯ್ದೆಗೆ ಅಂಕಿತ ಬಿತ್ತು. ಪೈಲಟ್‌ಗೆ ಲೈಸೆನ್ಸ್, ವಿಮಾನಕ್ಕೆ ತಪಾಸಣೆ ಕಡ್ಡಾಯವಾದವು. ಊರೂರು ತಿರುಗುವ ಹಾರಾಟವನ್ನು ಈ ಕಾಯ್ದೆ ಕೊಂದಿತು ಎಂದು ಎಲ್ಲರೂ ಬರೆಯುತ್ತಾರೆ. ಕೆಲವರು ಸಮಾಧಾನದಿಂದ, ಕೆಲವರು ವಿಷಾದದಿಂದ. ಕಾರಣದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ. ನನಗಿದೆ. ಬ್ರಿಟನ್ನಿನಲ್ಲಿ 1919ರಿಂದಲೇ, ಅಂದರೆ ನಾಗರಿಕ ಹಾರಾಟಕ್ಕೆ ಅನುಮತಿ ಸಿಕ್ಕ ಮೊದಲ ವರ್ಷದಿಂದಲೇ, ಇಂಥ ನಿಯಮಗಳಿದ್ದವು. ಅದೇ ದೇಶದಲ್ಲಿ ಅಲನ್ ಕಾಬಮ್‌ನ ಹಾರುವ ಸರ್ಕಸ್ 1932ರಿಂದ 1935ರವರೆಗೆ ಬೇಸಿಗೆಯುದ್ದಕ್ಕೂ ಊರಿಂದೂರಿಗೆ ಸುತ್ತಿ ಭರ್ಜರಿಯಾಗಿ ನಡೆಯಿತು. ಅದಕ್ಕೆಂದೇ ಏರ್‌ಸ್ಪೀಡ್ ಕಂಪನಿ ಹತ್ತು ಜನ ಕೂರುವ, ಮೂರು ಎಂಜಿನ್ನಿನ ‘ಫೆರಿ’ ವಿಮಾನ ಮಾಡಿಕೊಟ್ಟಿತು. ಕಾನೂನೇ ಕೊಲೆಗಾರನಾಗಿದ್ದರೆ ಈ ಸರ್ಕಸ್ ಹುಟ್ಟಲೇಬಾರದಿತ್ತು.

ಹಾಗಾದರೆ ಅಮೆರಿಕದಲ್ಲಿ ಆದದ್ದೇನು? ಮೊದಲನೆಯದು, ಜೆನ್ನಿಗಳು ಮುದಿಯಾಗಿದ್ದವು. ಮರ ಮತ್ತು ಬಟ್ಟೆಯ ಯಂತ್ರ ಬಯಲಿನಲ್ಲಿ ನಿಂತು ಎಷ್ಟು ವರ್ಷ ಬಾಳೀತು? ಎರಡನೆಯದು ಇನ್ನೂ ಸರಳ. ಒಮ್ಮೆ ಮೇಲೇರಿ ತನ್ನ ಮನೆಯ ಮಾಡು ನೋಡಿ ಬಂದವನಿಗೆ ಮರುವರ್ಷ ಅದೇ ಐದು ಡಾಲರ್ ಕೊಡಲು ಮನಸ್ಸಾಗುವುದಿಲ್ಲ. ಗೇಟ್ಸ್ ಫ್ಲೈಯಿಂಗ್ ಸರ್ಕಸ್‌ನವರು ಸವಾರಿಯ ದರವನ್ನು ಒಂದೇ ಡಾಲರಿಗೆ ಇಳಿಸಿದ್ದು ಏನನ್ನು ಸೂಚಿಸುತ್ತದೆ? ಗಿರಾಕಿ ಹೆಚ್ಚಿದ್ದರಿಂದಲೂ ಇರಬಹುದು, ಕುತೂಹಲ ಅಗ್ಗವಾದದ್ದರಿಂದಲೂ ಇರಬಹುದು. ನಾನು ಎರಡನೆಯದರತ್ತ ವಾಲುತ್ತೇನೆ. ಕಾಯ್ದೆ ಮುಳುಗುತ್ತಿದ್ದ ಕಸುಬಿಗೆ ಕೊನೆಯ ತಳ್ಳು ಕೊಟ್ಟಿರಬಹುದು, ಮುಳುಗಿಸಿದ್ದು ಅದಲ್ಲ.

ಉಳಿದದ್ದು ಅತಿ ಮುಖ್ಯ ಪ್ರಶ್ನೆ. ಇವರೆಲ್ಲ ಬಂದರು, ಹಾರಿಸಿದರು, ಹೋದರು. ಹಿಂದೆ ಏನನ್ನು ಬಿಟ್ಟರು? ಏನೂ ಇಲ್ಲ, ನಿಜವಾದ ಕೆಲಸ ಮಾಡಿದ್ದು ಅಂಚೆ ಇಲಾಖೆ, ಕಂಪನಿಗಳು, ನಗರಸಭೆಗಳು ಎಂಬುದು ಪಠ್ಯಪುಸ್ತಕದ ಉತ್ತರ. ಈ ಉತ್ತರವನ್ನು ಬೇರೆ ದೇಶದಲ್ಲಿ ಪರೀಕ್ಷಿಸುವ ಅಗತ್ಯವಿಲ್ಲ, ನಮ್ಮಲ್ಲೇ ಪರೀಕ್ಷಿಸಬಹುದು. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಹೊರಟದ್ದು 1911ರ ಫೆಬ್ರುವರಿ 18ರಂದು ಅಲಹಾಬಾದಿನಿಂದ. ಅಲ್ಲಿ ವಿಮಾನ ನಿಲ್ದಾಣವಿರಲಿಲ್ಲ, ಅಂಚೆ ಇಲಾಖೆಗೆ ವಿಮಾನವೂ ಇರಲಿಲ್ಲ. ಸಂಯುಕ್ತ ಪ್ರಾಂತದ ವಸ್ತುಪ್ರದರ್ಶನದಲ್ಲಿ ಹಾರಿಸಿ ತೋರಿಸಲೆಂದು ವಾಲ್ಟರ್ ವಿಂಡಮ್ ಹಡಗಿನಲ್ಲಿ ವಿಮಾನಗಳನ್ನು ತಂದಿದ್ದ. ಫ್ರೆಂಚ್ ಪೈಲಟ್ ಆನ್ರಿ ಪೆಕೆ ಹಂಬರ್ ವಿಮಾನದಲ್ಲಿ ಸುಮಾರು 6,500 ಪತ್ರಗಳನ್ನು ಹೊತ್ತು ಯಮುನೆ ದಾಟಿ ನೈನಿಗೆ ಹೋದ. ದೂರ ಹತ್ತು ಕಿಲೋಮೀಟರಿನಷ್ಟು. ಹಿಡಿದ ಸಮಯ ಹದಿಮೂರು ನಿಮಿಷ. ಅಂಚೆ ವಿಮಾನಯಾನವೆಂಬ ಗಂಭೀರ ಕೆಲಸ ಹುಟ್ಟಿದ್ದು ಒಂದು ತಿರುಗಾಟದ ಪ್ರದರ್ಶನದ ಮೈದಾನದಲ್ಲಿ, ಅದರ ಉಪಕಸುಬಾಗಿ.

ಎರಡನೆಯ ಸಾಕ್ಷ್ಯ ಇನ್ನೂ ಹತ್ತಿರದ್ದು. 1932ರ ಅಕ್ಟೋಬರ್ 15 ಎಂದರೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈನ ಜುಹೂಗೆ ಪುಸ್ ಮಾತ್ ವಿಮಾನ ತಂದ ದಿನ ಎಂದು ಎಲ್ಲರಿಗೂ ಗೊತ್ತು. ಜುಹೂನಿಂದ ಮುಂದೆ ಅದೇ ಅಂಚೆಯನ್ನು ಮದರಾಸಿಗೆ ಒಯ್ದವನು ನೆವಿಲ್ ವಿನ್ಸೆಂಟ್. ಆತ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಟಾಟಾ ಏರ್‌ಲೈನ್ಸ್‌ನ ಆಲೋಚನೆ ಮೂಲತಃ ಹೊಳೆದದ್ದು ಇದೇ ವಿನ್ಸೆಂಟ್‌ಗೆ. ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದ ಈತ 1920ರ ದಶಕದ ಕೊನೆಯಲ್ಲಿ ಯುದ್ಧಕಾಲದ ಹಳೆಯ ವಿಮಾನಗಳನ್ನು ತಂದು ಭಾರತದ ಊರೂರಲ್ಲಿ ಜನರನ್ನು ಹಾರಿಸಿ ಹಣ ಗಳಿಸುತ್ತಿದ್ದ. ನಾವು ಹುಂಬರೆಂದು ಬದಿಗಿಟ್ಟ ಜಾತಿಗೇ ಸೇರಿದವನು. 1929ರಲ್ಲಿ ಆತನೇ ಅಂಚೆ ವಿಮಾನದ ಯೋಜನೆ ಹಿಡಿದು ಟಾಟಾ ಸಂಸ್ಥೆಗೆ ಹೋದ. ಸಂಸ್ಥೆಯ ಜಾನ್ ಪೀಟರ್ಸನ್ ಮಾತಿಗೆ ದೊರಾಬ್ಜಿ ಟಾಟಾ ಎರಡು ಲಕ್ಷ ರೂಪಾಯಿ ಹೂಡಲು ಒಪ್ಪಿದರು.

ಯಾವ ನೆಲ ಇಳಿಯಲು ಯೋಗ್ಯ, ಯಾವ ತಿಂಗಳಲ್ಲಿ ಗಾಳಿ ಹೇಗೆ, ಯಾವ ಊರಿನಲ್ಲಿ ಇಂಧನ ಸಿಗುತ್ತದೆ, ಜನ ಹಣ ಕೊಟ್ಟು ವಿಮಾನ ಹತ್ತುತ್ತಾರೆಯೇ? ಇವಕ್ಕೆ ಉತ್ತರ ಕಾಗದದ ಮೇಲೆ ಸಿಗುವುದಿಲ್ಲ. ಇಳಿದು ನೋಡಿದವನಿಗೆ ಸಿಗುತ್ತದೆ. ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಇದೇ: ಆ ತಿರುಗಾಟ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಂಡ ಒಂದು ಸಮೀಕ್ಷೆಯಾಗಿತ್ತು. ಪ್ರದರ್ಶನ ಅದರ ಸಂಬಳ. ಮಾಡಿದವರಿಗೆ ಆ ಉದ್ದೇಶ ಇತ್ತೆಂದು ನಾನು ಹೇಳಲಾರೆ. ಬಹುಪಾಲು ಜನರಿಗೆ ಇರಲಿಕ್ಕಿಲ್ಲ. ಆದರೆ ಉದ್ದೇಶವಿಲ್ಲದೆಯೂ ಫಲ ಬರುತ್ತದೆ.

ಆಸ್ಟ್ರೇಲಿಯಾದಲ್ಲಿ ಇದು ಬೇರೆ ಕ್ರಮದಲ್ಲಿ ನಡೆಯಿತು. ಇಂಗ್ಲೆಂಡ್‌ನಿಂದ ಆಸ್ಟ್ರೇಲಿಯಾಕ್ಕೆ 1919ರಲ್ಲಿ ವಿಮಾನ ಪಂದ್ಯ ಏರ್ಪಟ್ಟಾಗ ಪಾಲ್ ಮೆಕ್‌ಗಿನ್ನೆಸ್ ಮತ್ತು ಹಡ್ಸನ್ ಫಿಶ್ ಎಂಬ ಇಬ್ಬರು ಮಾಜಿ ಯೋಧರು ಲಾಂಗ್‌ರೀಚ್‌ನಿಂದ ಡಾರ್ವಿನ್ ಕಡೆಗೆ ಒಂದು ಫೋರ್ಡ್ ಕಾರಿನಲ್ಲಿ, ದಾರಿಯಿಲ್ಲದ ಕಡೆಯೂ ನುಗ್ಗಿ, ಇಳಿಯುವ ಜಾಗ ಹುಡುಕುತ್ತಾ 51 ದಿನ ಪ್ರಯಾಣ ಮಾಡಿದರು. ಆ ಬಯಲುಸೀಮೆಗೆ ರಸ್ತೆಗಿಂತ ವಿಮಾನವೇ ಸುಲಭ ಎಂದು ಅವರಿಗೆ ಹೊಳೆದದ್ದು ಆ ಪ್ರಯಾಣದಲ್ಲಿ. 1920ರ ನವೆಂಬರಿನಲ್ಲಿ ಕ್ವಾಂಟಸ್ ಹುಟ್ಟಿತು. ಮೊದಲ ಎರಡು ವರ್ಷ ಅದು ಬಹುಮಟ್ಟಿಗೆ ಜನರನ್ನು ಮೋಜಿಗೆ ಹಾರಿಸಿ ಬದುಕಿತು; 1922ರ ನವೆಂಬರಿನಲ್ಲಿ ವೇಳಾಪಟ್ಟಿಯ ಸೇವೆ ಶುರುವಾದಾಗ ಅದರ ಮೊದಲ ಪ್ರಯಾಣಿಕ 84 ವರ್ಷದ ಅಲೆಕ್ಸಾಂಡರ್ ಕೆನಡಿ. ಈ ಮುದುಕ ಯಾವ ಸಾಹಸಪ್ರಿಯನೂ ಅಲ್ಲ, ದನ ಸಾಕಿ ಬದುಕಿದವನು.

ಇಲ್ಲಿಯವರೆಗೆ ನನ್ನ ವಾದ ನನಗೆ ಅನುಕೂಲವಾಗಿಯೇ ಸಾಗಿದೆ, ಆದ್ದರಿಂದ ಅದಕ್ಕೆ ಎದುರಾದದ್ದನ್ನೂ ಇಡಬೇಕು. ಅದೇ ಆಸ್ಟ್ರೇಲಿಯಾದ ಪಶ್ಚಿಮದಲ್ಲಿ ನಾರ್ಮನ್ ಬ್ರಿಯರ್ಲಿ ಕೂಡ ಮೊದಲು ಹಾರಿಸಿ ತೋರಿಸಿ ಹಣ ಕೂಡಿಸಿದವನೇ. 1921ರ ಡಿಸೆಂಬರ್ 5ರಂದು ಆತನ ಸಂಸ್ಥೆಯ ನಿಯತ ಸೇವೆ ಶುರುವಾದ ದಿನವೇ ಒಂದು ವಿಮಾನ ಬಿದ್ದು ಪೈಲಟ್ ಮತ್ತು ಮೆಕ್ಯಾನಿಕ್ ಇಬ್ಬರೂ ಸತ್ತರು. ದಾರಿಯುದ್ದಕ್ಕೂ ಇಳಿಯುವ ಜಾಗಗಳು ಸಿದ್ಧವಾಗುವ ತನಕ ಹಾರುವುದಿಲ್ಲವೆಂದು ಉಳಿದವರು ನಿಂತರು. ಅವರು ನಿಂತದ್ದು ಸರಿ. ತಿರುಗಾಟದ ಪೈಲಟ್ ಇವತ್ತು ಗಾಳಿ ಸರಿಯಿಲ್ಲವೆಂದು ನಾಳೆ ಹಾರಬಹುದು. ವೇಳಾಪಟ್ಟಿಗೆ ನಾಳೆ ಎಂಬುದಿಲ್ಲ. ತಾತ್ಕಾಲಿಕ ಮೈದಾನದ ನಿಜವಾದ ಮಿತಿ ಇರುವುದು ಇಲ್ಲಿ. ಅದು ಹುಡುಕಾಟಕ್ಕೆ ಒಗ್ಗುತ್ತದೆ, ಮಾತು ಕೊಟ್ಟು ಉಳಿಸಿಕೊಳ್ಳುವುದಕ್ಕೆ ಒಗ್ಗುವುದಿಲ್ಲ.

ಅಷ್ಟಾದರೂ ಈ ಮಿತಿಯನ್ನು ಜಾಣತನದಿಂದ ದಾಟಬಹುದಿತ್ತು ಎಂಬುದಕ್ಕೆ ಟಾಟಾ ಅವರದೇ ಉದಾಹರಣೆಯಿದೆ. ಮಳೆಯ ವಿಷಯಕ್ಕೆ ಬರುತ್ತೇನೆಂದಿದ್ದೆನಲ್ಲ. ಜುಹೂ ಆಗ ಸಮುದ್ರದಂಚಿನ ಕೆಸರುಬಯಲು. ಮಳೆಗಾಲದಲ್ಲಿ ನೀರು ತುಂಬುತ್ತಿತ್ತು. ಅವರು ಕಾಂಕ್ರೀಟಿಗೆ ಕಾಯಲಿಲ್ಲ. ಮಳೆಗಾಲದ ಮಟ್ಟಿಗೆ ಪುಣೆಗೆ ಗಂಟುಮೂಟೆ ಕಟ್ಟಿದರು. ಅಹಮದಾಬಾದಿನಲ್ಲಿ ವಿಮಾನದ ಪೆಟ್ರೋಲು ಎತ್ತಿನಗಾಡಿಯಲ್ಲಿ ಬರುತ್ತಿತ್ತು. ಇಂಥ ಏರ್ಪಾಟಿನಲ್ಲಿ 1933ರಲ್ಲಿ ಅವರು ಹಾರಿದ್ದು 1,60,000 ಮೈಲಿ. ಹತ್ತಿದ ಪ್ರಯಾಣಿಕರು 155. ಲಾಭ 60,000 ರೂಪಾಯಿ. ಇನ್ನು ಬಳ್ಳಾರಿಯನ್ನೇ ಆರಿಸಿದ್ದೇಕೆ ಎಂದರೆ ನಕ್ಷೆಯ ಮೇಲೆ ಮುಂಬೈ ಮತ್ತು ಚೆನ್ನೈ ನಡುವೆ ಅಳತೆಪಟ್ಟಿ ಇಟ್ಟು ನೋಡಿ: ನಡುಮಧ್ಯದ ಆಸುಪಾಸಿನಲ್ಲಿಯೇ ಆ ಊರು ಕೂತಿದೆ. ಮುಂದೆ ಮಾರ್ಗ ಹೈದರಾಬಾದಿಗೆ ತಿರುಗಿತು, ಬಳ್ಳಾರಿ ಬಿಟ್ಟುಹೋಯಿತು. ಅಲ್ಲಿ ಹೂಡಿದ್ದು ಕಡಿಮೆಯಾದ್ದರಿಂದ ಬಿಟ್ಟುಹೋಗುವಾಗ ಕಳೆದುಕೊಂಡದ್ದೂ ಕಡಿಮೆ.

ಇದೆಲ್ಲ ಹಳೆಯ ಮಾತು ಎನ್ನುವವರು ಚುನಾವಣೆಯ ಕಾಲದಲ್ಲಿ ಯಾವುದಾದರೂ ತಾಲ್ಲೂಕು ಕೇಂದ್ರದ ಶಾಲಾ ಮೈದಾನಕ್ಕೆ ಹೋಗಬೇಕು. ಹಿಂದಿನ ರಾತ್ರಿ ಸುಣ್ಣದ ಪುಡಿಯಲ್ಲಿ ವೃತ್ತ ಎಳೆದು ನಡುವೆ ‘ಎಚ್’ ಬರೆಯುತ್ತಾರೆ. ಬೆಳಿಗ್ಗೆ ಟ್ಯಾಂಕರ್ ಬಂದು ಧೂಳು ಏಳದಂತೆ ನೀರು ಹೊಡೆಯುತ್ತದೆ, ಅಗ್ನಿಶಾಮಕದ ಗಾಡಿ ಮರದ ನೆರಳಿಗೆ ನಿಲ್ಲುತ್ತದೆ. ಹೆಲಿಕಾಪ್ಟರ್ ಇಳಿಯುವಾಗ ಕಾಂಪೌಂಡಿನ ಮೇಲೆ, ಮಾಡಿನ ಮೇಲೆ ತಲೆಗಳು. ನಾಯಕರು ಕಾರು ಹತ್ತಿ ಸಭೆಗೆ ಹೋದ ಮೇಲೂ ಅರ್ಧದಷ್ಟು ಜನ ಹೆಲಿಕಾಪ್ಟರ್ ಹತ್ತಿರವೇ ನಿಂತಿರುತ್ತಾರೆ. ಸಂಜೆಗೆ ಅದೇ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ‘ಎಚ್’ ಅಕ್ಷರದ ಒಂದು ಕಾಲು ಪಿಚ್ಚಿನ ಮೇಲೆ. ಮೈಸೂರು ದಸರೆಯಲ್ಲಿ, ಹಂಪಿ ಉತ್ಸವದಲ್ಲಿ ಹಣ ಕೊಟ್ಟು ಹೆಲಿಕಾಪ್ಟರ್ ಹತ್ತಿ ಒಂದು ಸುತ್ತು ಬಂದವರೂ ನಮ್ಮಲ್ಲಿದ್ದಾರೆ. ಐದು ಡಾಲರಿನ ಸವಾರಿಗೂ ಇದಕ್ಕೂ ಯಂತ್ರ ಬೇರೆ, ದರ ಬೇರೆ, ಕುತೂಹಲ ಒಂದೇ.

ನಮ್ಮ ಜಿಲ್ಲೆಗಳಲ್ಲಿ ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ಬಂದಾಗ ನಡೆಯುವ ಚರ್ಚೆ ಮೊದಲು ರನ್‌ವೇ ಎಷ್ಟು ಉದ್ದ, ಜಮೀನು ಎಷ್ಟು ಎಕರೆ ಎಂಬುದರಿಂದ ಶುರುವಾಗುತ್ತದೆ. ಯಾರು, ಎಲ್ಲಿಗೆ, ಎಷ್ಟು ಸಲ ಹಾರುತ್ತಾರೆ ಎಂಬ ಪ್ರಶ್ನೆ ಕಟ್ಟಡ ಮುಗಿದ ಮೇಲೆ ಏಳುತ್ತದೆ. ಕಾಬಮ್ ಈ ಕ್ರಮವನ್ನು ತಿರುವಿ ಹಾಕಿದ್ದ. 1929ರಲ್ಲಿ ಆತ ಬ್ರಿಟನ್ನಿನ ನೂರಕ್ಕೂ ಹೆಚ್ಚು ಊರುಗಳಿಗೆ ಹೋಗಿ, ನಗರಸಭೆಗಳು ನಿಲ್ದಾಣ ಕಟ್ಟಬೇಕೆಂದು ಪ್ರಚಾರ ಮಾಡಿದ. ಚಾರ್ಲ್ಸ್ ವೇಕ್‌ಫೀಲ್ಡ್ ಕೊಟ್ಟ ಹಣದಲ್ಲಿ ಸುಮಾರು 10,000 ಶಾಲಾ ಮಕ್ಕಳನ್ನು ಪುಕ್ಕಟೆ ಹಾರಿಸಿದ. ಮೊದಲು ಇಳಿದು ತೋರಿಸಿ, ಆಮೇಲೆ ಕಟ್ಟಲು ಕೇಳಿದ. ಆ ಪ್ರಚಾರ ಎಲ್ಲ ಊರಲ್ಲೂ ಫಲಿಸಲಿಲ್ಲ. ಆದರೆ ಒಲ್ಲೆ ಎಂದ ಊರುಗಳೂ ವಿಮಾನವನ್ನು ಕಣ್ಣಾರೆ ನೋಡಿಯೇ ಒಲ್ಲೆ ಎಂದವು. ನಾವು ಕಟ್ಟಿ ನೋಡಿ ಕಲಿಯುವ ಪಾಠ ಅವರಿಗೆ ಒಂದು ದಿನದ ಹೊಲಬಾಡಿಗೆಯಲ್ಲಿ ಸಿಕ್ಕಿತು.

ಇಲ್ಲಿ ಹೇಳಿದ್ದಕ್ಕೆ ನೀವು ಒಪ್ಪದಿರಬಹುದು. ಬದುಕುಳಿದ ಕ್ವಾಂಟಸ್, ಟಾಟಾಗಳನ್ನು ಆರಿಸಿಕೊಂಡು, ಏನೂ ಬಿಡದೆ ಹೋದ ನೂರಾರು ಪೈಲಟ್‌ಗಳನ್ನು ನಾನು ಮರೆಮಾಚಿದೆ ಎಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಅದನ್ನು ತೂಗಿ ನೋಡಲು ಪುರಾವೆ ಬೇಕು, ಮತ್ತು ಪುರಾವೆಯ ತೊಂದರೆ ಏನೆಂದರೆ ನಿಲ್ದಾಣಕ್ಕೆ ಉದ್ಘಾಟನೆಯ ಕಲ್ಲಿರುತ್ತದೆ, ಹೊಲಕ್ಕೆ ಇರುವುದಿಲ್ಲ. ನಿಮ್ಮ ಊರಿನ ಯಾವುದಾದರೂ ಬಯಲಲ್ಲಿ ಒಂದು ಕಾಲಕ್ಕೆ ವಿಮಾನ ಇಳಿದಿತ್ತೆಂದು ಅಜ್ಜ ಹೇಳಿದ್ದು ನೆನಪಿದ್ದರೆ, ಹಳೆಯ ಟ್ರಂಕಿನಲ್ಲಿ ಅದರ ಫೋಟೋ ಇದ್ದರೆ, ಸರ್ವೆ ನಂಬರಿನ ಸಮೇತ ಬರೆದಿಡಿ. ನನ್ನ ವಾದ ಸರಿಯೆಂದಾಗಲಿ ತಪ್ಪೆಂದಾಗಲಿ ತೀರ್ಮಾನವಾಗಬೇಕಾದದ್ದು ಆ ಸಾಕ್ಷ್ಯದಿಂದ.